ತೂಕ ಇಳಿಸಲು ಸರಸ್ವತಿಪುರಂನ ಶನಿವಾರದ ಬ್ಯಾಚ್: ಸೇರಬಹುದಾ?

ಮೈಸೂರಿನ ಕುವೆಂಪುನಗರದಲ್ಲಿ ನನ್ನದೊಂದು ಚಿಕ್ಕ ಟೈಲರಿಂಗ್ ಅಂಗಡಿ ಇದೆ. ಬ್ಲೌಸ್ ಮತ್ತು ಚೂಡಿದಾರ್ ಮಾತ್ರ ಹೊಲಿಯುತ್ತೇನೆ. ಅಳತೆ ಕೊಡುವಾಗ ಹೆಂಗಸರು ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಟೇಪು ಸೊಂಟದ ಹತ್ತಿರ ಬಂದ ಕೂಡಲೇ ಬಹಳ ಜನ ಉಸಿರು ಹಿಡಿದು ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಾರೆ. "ತುಂಬಾ ದಪ್ಪ ಆಗ್ಬಿಟ್ಟೆ ಅಲ್ವಾ?" ಅನ್ನುತ್ತಾರೆ. ಈಚೆಗೆ ಇನ್ನೊಂದು ಪ್ರಶ್ನೆ ಜಾಸ್ತಿಯಾಗಿದೆ. "ನೀವು ಹೋಗ್ತೀರಲ್ಲ ಶನಿವಾರದ ಬ್ಯಾಚು, ಹೇಗಿದೆ? ನಾನೂ ಸೇರಬಹುದಾ?" ಒಬ್ಬೊಬ್ಬರಿಗೇ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ.

ಸೇರಬಹುದು. ಆದರೆ ಅಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅಂತ ತಿಳಿದುಕೊಂಡು ಸೇರಿ.

ಜಾಗ ಸರಸ್ವತಿಪುರಂನ ಒಂದು ಮನೆಯ ಮಹಡಿ. ಕುಕ್ಕರಹಳ್ಳಿ ಕೆರೆಗೆ ನಡೆದು ಹೋಗುವಷ್ಟು ಹತ್ತಿರ. ಬೋರ್ಡ್ ಇಲ್ಲ, ಹೆಸರೂ ಇಟ್ಟಿಲ್ಲ. ನಡೆಸುವವರು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ನಾವೆಲ್ಲ ಸಿಸ್ಟರ್ ಅಂತಲೇ ಕರೆಯುತ್ತೇವೆ. ಶನಿವಾರ ಮಧ್ಯಾಹ್ನ 3ರಿಂದ 4.30. ತಿಂಗಳಿಗೆ 300 ರೂಪಾಯಿ. ಹೆಂಗಸರಿಗೆ ಮಾತ್ರ. ಹದಿನೈದು ಇಪ್ಪತ್ತು ಜನ ಬರುತ್ತಾರೆ. ಟ್ರೆಡ್‌ಮಿಲ್ ಗಿಡ್‌ಮಿಲ್ ಏನೂ ಇಲ್ಲ. ಒಂದು ತೂಕದ ಮಷೀನು, ಒಂದು ಬಿ.ಪಿ. ಮಷೀನು, ಪ್ಲಾಸ್ಟಿಕ್ ಕುರ್ಚಿಗಳು, ಒಂದು ದೊಡ್ಡ ಜಮಖಾನ. ಅಷ್ಟೇ.

ಹಾಗಾದರೆ 300 ರೂಪಾಯಿ ಯಾವುದಕ್ಕೆ? ಡಯಟ್ ಚಾರ್ಟ್‌ಗೆ ಅಂದುಕೊಳ್ಳಬೇಡಿ. ಚಾರ್ಟ್ ಕೊಡುತ್ತಾರೆ, ಒಂದೇ ಹಾಳೆ. ಅದರಲ್ಲಿರುವುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಲ್ಲರಿಗೂ ಹೇಳುವ ಮಾತೇ. ತಟ್ಟೆಯ ಅರ್ಧ ಭಾಗ ತರಕಾರಿ, ಸೊಪ್ಪು, ಹಣ್ಣು. ಉಳಿದ ಅರ್ಧದಲ್ಲಿ ಅನ್ನವೋ ಮುದ್ದೆಯೋ ಚಪಾತಿಯೋ, ಜೊತೆಗೆ ಬೇಳೆ, ಕಾಳು, ಮೊಟ್ಟೆ, ಮೊಸರು. ಉಪ್ಪು ದಿನಕ್ಕೆ 5 ಗ್ರಾಂ ದಾಟಬಾರದು. ಇದೆಲ್ಲ ಫೋನಿನಲ್ಲೇ ಪುಕ್ಕಟೆ ಸಿಗುತ್ತದೆ. ನಾನು ದುಡ್ಡು ಕೊಡುವುದು ಆ ಜಮಖಾನದ ಮೇಲೆ ಸುತ್ತ ಕೂರುವ ಹೆಂಗಸರ ಸಲುವಾಗಿ.

ಬಂದ ಕೂಡಲೇ ಒಳಗಿನ ಕೋಣೆಯಲ್ಲಿ ತೂಕ. ಒಬ್ಬರು ಒಳಗಿದ್ದಾಗ ಇನ್ನೊಬ್ಬರು ಹೋಗುವಂತಿಲ್ಲ. ಸಿಸ್ಟರ್ ನಿಮ್ಮದೇ ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದು ನಿಮ್ಮ ಕೈಗೇ ಕೊಡುತ್ತಾರೆ. ಹೊರಗೆ ಬಂದು ಹೇಳುವುದು ಬಿಡುವುದು ನಿಮ್ಮಿಷ್ಟ. ಯಾರೂ ಕೇಳುವುದಿಲ್ಲ, ಕೇಳಲೂಬಾರದು. ಆಮೇಲೆ ಎಲ್ಲರೂ ಸುತ್ತ ಕೂತು ಆ ವಾರ ಏನು ಕಷ್ಟವಾಯಿತು ಅಂತ ಒಬ್ಬೊಬ್ಬರಾಗಿ ಹೇಳುತ್ತಾರೆ. ಒಬ್ಬರು ಹೇಳುವಾಗ ಮಧ್ಯೆ ಬಾಯಿ ಹಾಕುವಂತಿಲ್ಲ. ಕೊನೆಗೆ ಜೋಡಿ. ಪ್ರತಿ ತಿಂಗಳು ಇಬ್ಬಿಬ್ಬರನ್ನು ಜೋಡಿ ಮಾಡುತ್ತಾರೆ. ಜೋಡಿಯವರು ದಿನಕ್ಕೊಂದು ಸಲ, ಎರಡು ನಿಮಿಷವಾದರೂ, ಫೋನ್ ಮಾಡಲೇಬೇಕು. ಸಾಮಾನ್ಯವಾಗಿ ಸಂಜೆ ಐದೂವರೆ ಆರು ಗಂಟೆಗೆ. ಆ ಹೊತ್ತಿಗೇ ಅಲ್ವಾ ಬೋಂಡಾ, ಚಕ್ಕುಲಿ, ಬಿಸ್ಕೆಟ್ ಡಬ್ಬ ಎಲ್ಲ ನೆನಪಾಗುವುದು.

ನನಗೆ ಮೊದಲು ಸಿಕ್ಕ ಜೋಡಿ ಶ್ರೀರಂಗಪಟ್ಟಣದ ಕಡೆಯವರು. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಫ್ರೀ ಆದ ಮೇಲೇ ಮೈಸೂರಿಗೆ ಹೀಗೆ ವಾರ ವಾರ ಬಂದು ಹೋಗುವುದು ಅವರಿಗೆ ಸಾಧ್ಯವಾಗಿದ್ದು. ನಾನು ಅವರನ್ನು ಅಕ್ಕ ಅನ್ನುತ್ತೇನೆ. ಮಾತು ಕಡಿಮೆ. ಮೊದಲ ಶನಿವಾರಗಳಲ್ಲಿ ತಲೆ ತಗ್ಗಿಸಿಕೊಂಡು ಕೂತಿರುತ್ತಿದ್ದರು. ಮನೆಯಲ್ಲಿ ತಿನ್ನುವುದೇ ಇಲ್ಲ, ಆದರೂ ತೂಕ ಇಳಿಯುತ್ತಿಲ್ಲ ಅನ್ನುತ್ತಿದ್ದರು. ಮನೆಯಲ್ಲಿ ತಿನ್ನುತ್ತಿರಲಿಲ್ಲ ಅನ್ನುವುದು ನಿಜವೇ. ಬೆಳಿಗ್ಗೆ ಒಂದು ಲೋಟ ಟೀ ಕುಡಿದು ಹೊರಟರೆ, ಅಕ್ಕಿ ತೊಳೆದು, ತರಕಾರಿ ಹೆಚ್ಚಿ, ಸಾಂಬಾರ್ ಮಾಡಿ, ಮಕ್ಕಳಿಗೆಲ್ಲ ಬಡಿಸಿ, ಪಾತ್ರೆ ಒಳಗಿಡುವ ಹೊತ್ತಿಗೆ ಎರಡು ಗಂಟೆ. ಆಗ ಪಾತ್ರೆಯ ತಳದಲ್ಲಿ ಅನ್ನ ಉಳಿದಿರುತ್ತದೆ.

"ಉಳ್ದಿರೋ ಅನ್ನವ ಎಸೆಯಕ್ಕೆ ಮನ್ಸು ಬತ್ತದಾ ಕಣವ್ವ? ಕೂತ್ಕಂಡು ಎಲ್ಲಾನೂ ತಿಂದ್ಬುಡ್ತೀನಿ," ಅಂದರು ಒಂದು ದಿನ. ಅಂದವರೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಆ ದಿನ ಬ್ಯಾಚಿನಲ್ಲಿ ನಡೆದದ್ದನ್ನು ಹೇಳಲೇಬೇಕು. ಯಾರೂ ಬುದ್ಧಿ ಹೇಳಲಿಲ್ಲ. ರಾಮಕೃಷ್ಣನಗರದ ಒಬ್ಬ ಮೇಷ್ಟ್ರ ಹೆಂಡತಿ, "ನಾನೂ ಮೊಮ್ಮಗನ ತಟ್ಟೆಯಲ್ಲಿ ಬಿಟ್ಟಿದ್ದನ್ನೆಲ್ಲ ತಿಂತೀನಿ" ಅಂದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ, ರಾತ್ರಿ ಪಾತ್ರೆ ಖಾಲಿ ಮಾಡುವ ನೆಪದಲ್ಲಿ ಎರಡನೇ ಊಟವೇ ಆಗಿಹೋಗುತ್ತದೆ ಅಂದಳು. ಹೀಗೆ ಒಬ್ಬರಾದ ಮೇಲೆ ಒಬ್ಬರು. ನೋಡಿದರೆ ಮುಕ್ಕಾಲು ಪಾಲು ಹೆಂಗಸರ ಕಥೆ ಒಂದೇ. ಎಲ್ಲರಿಗೂ ಬಡಿಸಿ ಕೊನೆಗೆ ಹಸಿದು ಕೂರುವುದು, ಉಳಿದದ್ದೆಲ್ಲ ತನ್ನ ಪಾಲು ಅಂತ ತಿನ್ನುವುದು. ಅಕ್ಕ ನಿಧಾನಕ್ಕೆ ಸೆರಗು ಇಳಿಸಿದರು. ಆಮೇಲೆ ದಾರಿ ಹುಡುಕಿದ್ದೂ ಹೆಂಗಸರೇ. ಮಕ್ಕಳಿಗೆ ಬೆಲ್ ಹೊಡೆಯುವ ಮೊದಲೇ ನೀವು ಒಂದು ತಟ್ಟೆ ಊಟ ಮಾಡಿಬಿಡಿ, ಎರಡು ಗಂಟೆಗೆ ಆ ಹಸಿವೇ ಇರುವುದಿಲ್ಲ ಅಂದರು ಒಬ್ಬರು. ಬೆಳಿಗ್ಗೆ ಹೊರಡುವಾಗ ಬರೀ ಟೀ ಬೇಡ, ಒಂದು ಲೋಟ ರಾಗಿ ಅಂಬಲಿಗೆ ಮಜ್ಜಿಗೆ ಹಾಕಿ ಕುಡಿದು ಹೋಗಿ ಅಂದರು ಇನ್ನೊಬ್ಬರು. ಸಿಸ್ಟರ್ ಸುಮ್ಮನೆ ಕೇಳಿಸಿಕೊಂಡು, ಮೊಳಕೆ ಹೆಸರುಕಾಳನ್ನು ಮಾತ್ರ ಸೇರಿಸಿದರು. ಅಕ್ಕ ಈಗಲೂ ಅದನ್ನೇ ಪಾಲಿಸುತ್ತಾರೆ. ಅವರ ತೂಕ ಇಳಿದಿದೆ. ಎಷ್ಟು ಅನ್ನುವುದು ಅವರ ನೋಟ್‌ಬುಕ್ಕಿನ ವಿಷಯ. ಸಂಜೆ ಫೋನಿನಲ್ಲಿ ಅವರ ದನಿಯೇ ಬೇರೆಯಾಗಿದೆ. "ಏನ್ ಮಾಡ್ತಿದ್ದೀಯವ್ವ, ನಡ್ದ್ಯಾ ಇವತ್ತು?" ಅಂತ ಅವರೇ ಮೊದಲು ಕೇಳುತ್ತಾರೆ.

ದೊಡ್ಡ ಫೀಸು ತೆಗೆದುಕೊಳ್ಳುವ ಡಯಟಿಷಿಯನ್ ಹತ್ತಿರ ಹೋಗಿದ್ದರೆ ಈ ಉಳಿದ ಅನ್ನದ ವಿಷಯ ಹೊರಗೇ ಬರುತ್ತಿರಲಿಲ್ಲ ಅಂತ ನನಗೆ ಗ್ಯಾರಂಟಿ ಅನ್ನಿಸುತ್ತದೆ. "ದಿನಕ್ಕೆ ಎಷ್ಟು ಅನ್ನ ತಿಂತೀರಾ?" ಅಂದರೆ ಅಕ್ಕ "ಒಂದ್ ಸೌಟು" ಅಂದುಬಿಡುತ್ತಿದ್ದರು.

ಇದು ಮೈಸೂರಿನಲ್ಲಿ ಹುಟ್ಟಿದ ಉಪಾಯವೇನಲ್ಲ. ಸಿಸ್ಟರ್ ಒಂದು ಸಲ ಹೇಳಿದರು. 1948ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಎಸ್ತರ್ ಮ್ಯಾನ್ಜ್ ಅನ್ನುವ ಗೃಹಿಣಿ ಗೆಳತಿಯರನ್ನು ಸೇರಿಸಿಕೊಂಡು ಇಂಥದ್ದೇ ಗುಂಪು ಶುರು ಮಾಡಿದರಂತೆ. ಟಾಪ್ಸ್ ಅನ್ನುವ ಆ ಸಂಘಟನೆ ಹಾಗೆ ಹುಟ್ಟಿದ್ದು. 1961ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಜೀನ್ ನೈಡೆಚ್ ಅನ್ನುವವರ ಕಥೆ ಇನ್ನೂ ಚೆನ್ನಾಗಿದೆ. ಅವರು ಸರ್ಕಾರಿ ಕ್ಲಿನಿಕ್ಕಿಗೆ ಹೋಗಿ ಡಯಟ್ ಪಟ್ಟಿ ತಂದಿದ್ದರು. ಆದರೆ ಕದ್ದು ಬಿಸ್ಕೆಟ್ ತಿನ್ನುವ ಚಟವನ್ನು ಅಲ್ಲಿ ಹೇಳಿಕೊಳ್ಳಲು ಆಗಲಿಲ್ಲ. ಗೆಳತಿಯರನ್ನು ಮನೆಗೆ ಕರೆದು ಅವರ ಮುಂದೆ ಹೇಳಿಕೊಂಡರು. ಅವರೂ ತಮ್ಮ ತಮ್ಮದು ಹೇಳಿಕೊಂಡರು. ಎರಡು ವರ್ಷದಲ್ಲಿ, 1963ರಲ್ಲಿ, ಅದೇ ವೇಯ್ಟ್ ವಾಚರ್ಸ್ ಕಂಪನಿಯಾಯಿತು. ಕ್ವೀನ್ಸ್‌ನ ಆ ಮನೆಯ ಬಿಸ್ಕೆಟ್ಟಿಗೂ ನಮ್ಮ ಅಕ್ಕನ ಅನ್ನಕ್ಕೂ ನನಗೇನೂ ವ್ಯತ್ಯಾಸ ಕಾಣುವುದಿಲ್ಲ.

ಇನ್ನೊಂದು ಚೆನ್ನಾಗಿರುವ ವಿಷಯ ಅಂದರೆ ಬಡಿಸುವವರಿಗೆ ಬೇಡ ಅನ್ನುವ ಅಭ್ಯಾಸ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ಇದನ್ನು ಮಾಡಿಸುತ್ತಾರೆ. ಒಬ್ಬರು ಬಡಿಸುವ ದೊಡ್ಡಮ್ಮ, ಒಬ್ಬರು ಊಟಕ್ಕೆ ಕೂತವರು. ದೊಡ್ಡಮ್ಮ ಬಿಡುವುದಿಲ್ಲ.

"ಇನ್ನೊಂದು ಒಬ್ಬಟ್ಟು ಹಾಕಿಸ್ಕೊಳೇ, ಏನಾಗಲ್ಲ."

"ತುಂಬಾ ಚೆನ್ನಾಗಿದೆ ದೊಡ್ಡಮ್ಮ, ಸಾಕು."

"ನನ್ನ ಕೈ ಅಡುಗೆ ಬೇಡ್ವಾ? ಅಷ್ಟು ದೂರದಿಂದ ಬಂದಿದೀಯ."

"ಬೇಕು ದೊಡ್ಡಮ್ಮ, ಹೂರಣ ಹೇಗೆ ಮಾಡಿದ್ರಿ ಹೇಳಿ, ಬರ್ಕೋತೀನಿ."

ಹೂರಣದ ಮಾತು ಶುರುವಾದರೆ ದೊಡ್ಡಮ್ಮನ ಕೈ ನಿಲ್ಲುತ್ತದೆ. ಇದನ್ನು ಕಂಡುಹಿಡಿದದ್ದು ಒಬ್ಬ ಹೂ ಮಾರುವ ಹೆಂಗಸು, ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡುವವರ ಮಾತು ತಿರುಗಿಸಿ ಅಭ್ಯಾಸ ಇದ್ದವರು. ನಮ್ಮ ಕಡೆ ಊಟ ಬೇಡ ಅಂದರೆ ಪ್ರೀತಿ ಬೇಡ ಅಂದ ಹಾಗೆ. ಒಬ್ಬಳೇ ಇದ್ದರೆ ಆ ಮಾತು ಬಾಯಿಂದ ಹೊರಡುವುದೇ ಇಲ್ಲ. ಮೊದಲೇ ನಾಲ್ಕು ಜನರ ಮುಂದೆ ಹೇಳಿ ನೋಡಿದ್ದರೆ ಹೊರಡುತ್ತದೆ. ಹಬ್ಬದ ದಿನ ಒಬ್ಬಟ್ಟು ತಿನ್ನಲೇಬೇಡಿ ಅಂತ ಸಿಸ್ಟರ್ ಹೇಳುವುದಿಲ್ಲ. ಒಂದನ್ನು ಕೂತು, ತುಪ್ಪ ಹಾಕಿಕೊಂಡು, ನಿಧಾನವಾಗಿ ತಿನ್ನಿ ಅನ್ನುತ್ತಾರೆ. ಅಡುಗೆಮನೆಯಲ್ಲಿ ನಿಂತು ತುಂಡು ತುಂಡಾಗಿ ಬಾಯಿಗೆ ಹಾಕಿಕೊಳ್ಳುವುದನ್ನು ಮಾತ್ರ ಬಿಡಿಸುತ್ತಾರೆ.

ಟೇಪಿನ ವಿಷಯಕ್ಕೆ ಬರುತ್ತೇನೆ. ಇದು ನನ್ನ ಕೆಲಸ, ಹಾಗಾಗಿ ಸ್ವಲ್ಪ ಜಾಸ್ತಿ ಬರೆದರೆ ಬೇಜಾರು ಮಾಡಿಕೊಳ್ಳಬೇಡಿ. ತಿಂಗಳಿಗೊಂದು ಸಲ ಸೊಂಟದ ಅಳತೆ ತೆಗೆಯುತ್ತಾರೆ. ಆ ಕೆಲಸವನ್ನು ಸಿಸ್ಟರ್ ನನಗೇ ವಹಿಸಿದ್ದಾರೆ. ಲಂಗದ ಲಾಡಿ ಕಟ್ಟುವ ಜಾಗವೇ ಸೊಂಟ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಆರೋಗ್ಯಕ್ಕೆ ಅಳೆಯುವ ಜಾಗ ಬೇರೆ. ಕೊನೆಯ ಪಕ್ಕೆಲುಬಿನ ಕೆಳತುದಿಯನ್ನು ಬೆರಳಿನಲ್ಲಿ ಮುಟ್ಟಿ ನೋಡಬೇಕು. ಸೊಂಟದ ಮೂಳೆಯ ಮೇಲ್ತುದಿಯನ್ನೂ ಮುಟ್ಟಿ ನೋಡಬೇಕು. ಎರಡರ ನಟ್ಟನಡುವೆ ಟೇಪು ಬರಬೇಕು. ಟೇಪು ಹಿಂದೆ ಇಳಿಬೀಳಬಾರದು, ಸುತ್ತ ಒಂದೇ ಮಟ್ಟಕ್ಕಿರಬೇಕು. ಬಟ್ಟೆ ದಪ್ಪ ಇರಬಾರದು. ಉಸಿರು ಸಹಜವಾಗಿ ಹೊರಗೆ ಬಿಟ್ಟಾಗ ಓದಬೇಕು. ನಾನು ಅಳೆಯುವಾಗ "ಉಸಿರು ಬಿಡಿ, ಭುಜ ಇಳಿಸಿ" ಅನ್ನುತ್ತೇನೆ. ಅಲ್ಲಿ ಯಾರೂ ಹೊಟ್ಟೆ ಎಳೆದುಕೊಳ್ಳುವುದಿಲ್ಲ. ಅಂಗಡಿಯಲ್ಲಿ ಎಳೆದುಕೊಳ್ಳುವ ಅದೇ ಹೆಂಗಸು ಇಲ್ಲಿ ಆರಾಮಾಗಿ ನಿಲ್ಲುತ್ತಾಳೆ.

ಭಾರತದ ಹೆಂಗಸರಿಗೆ ಆ ಅಳತೆ 80 ಸೆಂಟಿಮೀಟರ್ ಒಳಗಿರಬೇಕು. ನಮ್ಮ ಟೇಪಿನಲ್ಲಿ ಮೂವತ್ತೊಂದೂವರೆ ಇಂಚು. ಹೊಟ್ಟೆಯ ಸುತ್ತ ಸೇರುವ ಕೊಬ್ಬು ಸಕ್ಕರೆ ಕಾಯಿಲೆಗೂ ಹೃದಯಕ್ಕೂ ಕೆಟ್ಟದ್ದು, ಅದಕ್ಕೇ ಈ ಗಡಿ. ತೂಕಕ್ಕೂ ನಮಗೆ ಬೇರೆ ಗಡಿ ಇದೆ. ಬೇರೆ ದೇಶದವರಿಗೆ ಬಿ.ಎಂ.ಐ., ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 25 ದಾಟಿದರೆ ಜಾಸ್ತಿ ತೂಕ ಅನ್ನುತ್ತಾರೆ. ನಮಗೆ 23 ದಾಟಿದರೇ ಎಚ್ಚರಿಕೆ, 25ಕ್ಕೆ ಬೊಜ್ಜು. ಕಡಿಮೆ ತೂಕದಲ್ಲೇ ನಮಗೆ ಸಕ್ಕರೆ ಕಾಯಿಲೆ ಬರುವುದರಿಂದ ಹೀಗೆ. 5 ಅಡಿ ಎತ್ತರದವರಿಗೆ ಲೆಕ್ಕ ಹಾಕಿದರೆ 53 ಕೆ.ಜಿ. ಆಸುಪಾಸು ಎಚ್ಚರಿಕೆಯ ಗಡಿ, 58 ಕೆ.ಜಿ. ಬೊಜ್ಜಿನ ಗಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಆ 25ರ ಲೆಕ್ಕದಲ್ಲೇ, ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಜನ ಗಡಿ ದಾಟಿದ್ದರು. ಹಾಗಾಗಿ ನಿಮ್ಮೊಬ್ಬರದೇ ಕಷ್ಟ ಅಂದುಕೊಂಡು ಕೊರಗಬೇಡಿ.

ಮಷೀನಿನಲ್ಲಿ ತೂಕ ಅಲ್ಲಾಡದ ವಾರಗಳಲ್ಲಿ ಟೇಪು ಎಷ್ಟೋ ಜನರ ಧೈರ್ಯ ಉಳಿಸಿದೆ. ಮುಟ್ಟಿನ ಮುಂಚೆ ಮೈಯಲ್ಲಿ ನೀರು ಸೇರಿ ಒಂದೆರಡು ಕೆ.ಜಿ. ಏರಬಹುದು. ಮದುವೆ ಊಟದ ಮಾರನೇ ದಿನವೂ ಅಷ್ಟೇ, ಉಪ್ಪು ಜಾಸ್ತಿ ಆಗಿರುತ್ತದೆ. ಅದು ಕೊಬ್ಬಲ್ಲ. ಇದನ್ನು ಸಿಸ್ಟರ್ ಬಾಯಿಂದ ಕೇಳಿದರೆ ಒಂದು ಥರ. "ನಂಗೂ ಹೋದ ತಿಂಗಳು ಹಂಗೇ ಆಗಿತ್ತು, ಮುಂದಿನ ವಾರ ಇಳೀತು ನೋಡಿ" ಅಂತ ಪಕ್ಕದಲ್ಲಿ ಕೂತವರು ಹೇಳಿದರೆ ಇನ್ನೊಂದು ಥರ. ನನಗೆ ಇದುವರೆಗೆ ಸೊಂಟದಲ್ಲಿ ಎರಡು ಇಂಚು, ತೂಕದಲ್ಲಿ ನಾಲ್ಕು ಕೆ.ಜಿ. ಚಿಲ್ಲರೆ ಇಳಿದಿದೆ. ಬ್ಲೌಸಿನ ಒಳಗಿನ ಹೊಲಿಗೆ ಹಿಡಿದಿದ್ದೇನೆ.

ನಾಲ್ಕು ಕೆ.ಜಿ. ಅಂದರೆ ಇಷ್ಟೇನಾ ಅಂತ ನನ್ನ ಗಿರಾಕಿಯೊಬ್ಬರು ಕೇಳಿದರು. ಅವರಿಗೂ ಸೇರಿಸಿ ಹೇಳುತ್ತೇನೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದ ಒಂದು ದೊಡ್ಡ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ತೂಕದಲ್ಲಿ ನೂರಕ್ಕೆ 7ರಷ್ಟು ಇಳಿಸುವುದು, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವುದು, ಇಷ್ಟೇ ಗುರಿ ಕೊಟ್ಟಿದ್ದರು. ಆ ಗುಂಪಿನಲ್ಲಿ ಹೊಸದಾಗಿ ಸಕ್ಕರೆ ಕಾಯಿಲೆ ಬರುವುದು ನೂರಕ್ಕೆ 58ರಷ್ಟು ಕಡಿಮೆಯಾಯಿತು. 70 ಕೆ.ಜಿ. ಇರುವವರಿಗೆ 7 ಪರ್ಸೆಂಟ್ ಅಂದರೆ ಸುಮಾರು 5 ಕೆ.ಜಿ. ಬ್ಯಾಚಿನಲ್ಲಿ ಎಲ್ಲರಿಗೂ ಮೊದಲ ಗುರಿ ಇಷ್ಟೇ ಇಡುತ್ತಾರೆ. ಇಪ್ಪತ್ತು ಕೆ.ಜಿ. ಇಳಿಸಿಕೊಡುತ್ತೇವೆ ಅಂತ ಯಾರೂ ಆಣೆ ಮಾಡುವುದಿಲ್ಲ.

ಊಟದ ಪಾಠಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಕಾಫಿಯದ್ದು. ಒಂದು ಚಮಚ ಸಕ್ಕರೆ ಸುಮಾರು 5 ಗ್ರಾಂ, 20 ಕ್ಯಾಲೊರಿ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಅಂದರೆ 50 ಗ್ರಾಂ ಸಕ್ಕರೆ, 200 ಕ್ಯಾಲೊರಿ, ಬರೀ ಕಾಫಿಯಲ್ಲಿ. ಅಂಗಡಿಗೆ ಯಾರು ಬಂದರೂ ಕಾಫಿ ತರಿಸುವ ನನ್ನಂಥವರಿಗೆ ಇದು ದೊಡ್ಡ ಲೆಕ್ಕ. ಎಲ್ಲರೂ ಒಟ್ಟಿಗೆ ವಾರಕ್ಕೆ ಅರ್ಧ ಚಮಚ ಕಡಿಮೆ ಮಾಡುತ್ತಾ ಬಂದೆವು. ಒಬ್ಬಳೇ ಮಾಡಿದ್ದರೆ ಮೂರನೇ ದಿನಕ್ಕೆ ಬಿಡುತ್ತಿದ್ದೆ. ಸಂಜೆ ಅಕ್ಕ ಫೋನ್ ಮಾಡಿ "ಕಾಪಿಗೆ ಎಷ್ಟ್ ಚಮ್ಚ ಹಾಕ್ದೆ?" ಅನ್ನುತ್ತಾರೆ ಅಂತ ಗೊತ್ತಿದ್ದರೆ ಕೈ ತಾನೇ ತಡೆಯುತ್ತದೆ.

ಮುದ್ದೆಯ ವಿಷಯದಲ್ಲಿ ಬ್ಯಾಚಿನಲ್ಲಿ ಒಂದು ಸಣ್ಣ ಜಗಳವೇ ಆಗಿತ್ತು. ಮುದ್ದೆ ಎಷ್ಟು ಉಂಡರೂ ಮೈ ಬರುವುದಿಲ್ಲ ಅಂತ ಮಂಡ್ಯದ ಕಡೆಯವರ ವಾದ. ಸಿಸ್ಟರ್ ಲೆಕ್ಕ ತೋರಿಸಿದರು. 100 ಗ್ರಾಂ ರಾಗಿ ಹಿಟ್ಟಿನಲ್ಲಿ 320 ಕ್ಯಾಲೊರಿ ಆಸುಪಾಸು, 100 ಗ್ರಾಂ ಅಕ್ಕಿಯಲ್ಲಿ 350 ಆಸುಪಾಸು. ದೊಡ್ಡ ವ್ಯತ್ಯಾಸವಿಲ್ಲ. ಆದರೆ ರಾಗಿಯಲ್ಲಿ ನಾರು ಜಾಸ್ತಿ, ಸುಣ್ಣದ ಅಂಶವಂತೂ ಅಕ್ಕಿಗಿಂತ ಎಷ್ಟೋ ಪಟ್ಟು, 100 ಗ್ರಾಂಗೆ 340 ಮಿಲಿಗ್ರಾಂ ಮೇಲೆ. ನಲವತ್ತು ದಾಟಿದ ಹೆಂಗಸರ ಮೂಳೆಗೆ ಬೇಕಾದ್ದೇ ಅದು. ಹಾಗಾಗಿ ಮುದ್ದೆ ಬಿಡಬೇಡಿ, ಚಿಕ್ಕದಾಗಿ ಕಟ್ಟಿ ಅಂದರು. ಅದರ ಜೊತೆಗೆ ಬಸ್ಸಾರು, ಉಪ್ಸಾರು ಇದ್ದರೆ ಇನ್ನೇನು ಬೇಕು? ಉಪ್ಸಾರಿಗೆ ಎಣ್ಣೆ ಬೇಡವೇ ಬೇಡ ಅನ್ನಬಹುದು. ಬೇಯಿಸಿದ ಕಾಳು ಸೊಪ್ಪು ಪಕ್ಕದಲ್ಲೇ ಇರುತ್ತದೆ, ಖಾರ ಬೇಕಾದಷ್ಟು ಹಾಕಿಕೊಳ್ಳಬಹುದು. ದುಡ್ಡು ಕೊಟ್ಟು ತರುವ ಓಟ್ಸಿಗಿಂತ ನನಗೆ ಇದೇ ಇಷ್ಟ.

ಮೊದಮೊದಲು ಅಲ್ಲಿ ಸಸ್ಯಾಹಾರದ ಮಾತೇ ಜಾಸ್ತಿ ನಡೆಯುತ್ತಿತ್ತು. ಮಳವಳ್ಳಿ ಕಡೆಯ ಒಬ್ಬರು ಧೈರ್ಯ ಮಾಡಿ, "ನಮ್ ಮನೇಲಿ ಭಾನುವಾರ ಬಾಡು ಇರ್ಲೇಬೇಕು, ಅದಕ್ಕೇನ್ ಮಾಡ್ಲಿ?" ಅಂತ ಕೇಳಿದರು. ಒಳ್ಳೆಯದಾಯಿತು. ಕೋಳಿಯ ಚರ್ಮ ತೆಗೆದು ಮಾಡಿ, ಮೀನು ಹುರಿಯುವ ಬದಲು ಸಾರು ಮಾಡಿ, ಬನ್ನೂರು ಕುರಿಯ ರುಚಿ ಅದರ ಕೊಬ್ಬಿನಲ್ಲೇ ಇರುವುದರಿಂದ ತುಂಡು ಎಣಿಸಿ ಹಾಕಿಕೊಳ್ಳಿ ಅಂದರು ಸಿಸ್ಟರ್. ಆವತ್ತಿನಿಂದ ಸಾರಿನ ಮಾತು ಬಂದರೆ ಎರಡೂ ಥರದ್ದು ಬರುತ್ತದೆ.

ಭಾನುವಾರ ಬೆಳಿಗ್ಗೆ, ಬರಲು ಆಗುವವರು ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುತ್ತೇವೆ. ಇದಕ್ಕೆ ಬೇರೆ ಫೀಸಿಲ್ಲ. ಒಂದೇ ನಿಯಮ, ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ ಇರಬೇಕು. ಅವರ ಹಿಂದೆ ಉಳಿದವರು. ಚುರುಕಾಗಿ ನಡೆಯಬೇಕು ಅನ್ನುವವರು ಮೊದಲೇ ಬಂದು ಒಂದು ಸುತ್ತು ಮುಗಿಸಿರುತ್ತಾರೆ. ಆಷಾಢದಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದಾಗಲೂ ಹೀಗೇ. ಸಾವಿರ ಮೆಟ್ಟಿಲು, ನಂದಿ ಸಿಗುವುದು ಏಳುನೂರರ ಹತ್ತಿರ. ನಂದಿಯವರೆಗೆ ಸಾಕು ಅಂದವರ ಜೊತೆ ಇಬ್ಬರು ಅಲ್ಲೇ ಉಳಿದರು. ಮೇಲೆ ಹೋದವರು ಅವರಿಗೂ ಕುಂಕುಮ ಪ್ರಸಾದ ತಂದರು. ಬೊಜ್ಜಿರುವ ಹೆಂಗಸು ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಒಬ್ಬಳೇ ರಸ್ತೆಯಲ್ಲಿ ನಡೆದರೆ ನೋಡುವ ಕಣ್ಣುಗಳು ಎಷ್ಟಿರುತ್ತವೆ ಅಂತ ನಮಗೆಲ್ಲ ಗೊತ್ತು. ಹತ್ತು ಜನ ಒಟ್ಟಿಗೆ ನಡೆದರೆ ಆ ನೋಟ ತಾಗುವುದಿಲ್ಲ.

ಈ ಬ್ಯಾಚಿನ ಮೇಲೆ ನನಗೆ ಪೂರ್ತಿ ನಂಬಿಕೆ ಬಂದದ್ದು ಯಾವಾಗ ಅಂದರೆ, ಬಿಟ್ಟು ಹೋದವರೊಬ್ಬರು ವಾಪಸ್ ಬಂದಾಗ. ಚೆನ್ನಾಗಿ ತೂಕ ಇಳಿಸಿದ್ದವರು. ಮಗಳ ಬಾಣಂತನ ಬಂತು. ರಾತ್ರಿ ನಿದ್ದೆ ಇಲ್ಲ, ಬಾಣಂತಿಗೆ ಮಾಡಿದ ತುಪ್ಪದ ಅಡುಗೆ, ಅಂಟಿನುಂಡೆ, ಹೊರಗೆ ಕಾಲಿಡಲು ಪುರುಸೊತ್ತಿಲ್ಲ. ಇಳಿದದ್ದೆಲ್ಲ ಏರಿತು. ಮುಖ ತೋರಿಸಲು ನಾಚಿಕೆ ಅಂತ ಬ್ಯಾಚಿಗೆ ಬರುವುದನ್ನೇ ಬಿಟ್ಟರು, ಫೋನೂ ತೆಗೆಯಲಿಲ್ಲ. ಅವರ ಜೋಡಿ ಮನೆಗೆ ಹೋದರು. ತೂಕದ ಮಾತು ಎತ್ತಲೇ ಇಲ್ಲ. ಮಗು ಎತ್ತಿಕೊಂಡರು. "ದೇವರಾಜ ಮಾರ್ಕೆಟ್ಟಿಗೆ ಹೊರಟಿದ್ದೆ, ಜೊತೆಗೆ ಬರ್ತೀರಾ? ಒಬ್ಬಳಿಗೇ ಬೇಜಾರು," ಅಂದರು. ಎರಡು ಮೂರು ವಾರ ಹೀಗೆ ಮಾರ್ಕೆಟ್ಟಿಗೆ ಕರೆದುಕೊಂಡು ಹೋದರು, ಸೊಪ್ಪು ಆರಿಸುತ್ತಾ ನಡೆದಾಡಿದರು. ಒಂದು ಶನಿವಾರ ಇಬ್ಬರೂ ಒಟ್ಟಿಗೆ ಮೆಟ್ಟಿಲು ಹತ್ತಿ ಬಂದರು. ಸಿಸ್ಟರ್ ಹಳೆಯ ನೋಟ್‌ಬುಕ್ಕನ್ನೇ ತೆಗೆದು, ಮುಂದಿನ ಸಾಲಿನಲ್ಲಿ ಆ ದಿನದ ತೂಕ ಬರೆದರು. "ಮೊಮ್ಮಗುವಿಗೆ ಏನು ಹೆಸರಿಟ್ರಿ?" ಅಂತ ಕೇಳಿದರು. ಬೇರೇನೂ ಕೇಳಲಿಲ್ಲ.

ಇದನ್ನು ಯಾಕೆ ಇಷ್ಟು ಬರೆದೆ ಅಂದರೆ, ನನ್ನ ನಾದಿನಿ ಬೇರೆ ಒಂದು ಕಡೆ ಸೇರಿದ್ದಳು. ಹೆಸರು ಬೇಡ. ಅಲ್ಲೂ ಹೆಂಗಸರ ಗುಂಪೇ, ಅಲ್ಲೂ ಚಪ್ಪಾಳೆ, ಪ್ರೋತ್ಸಾಹದ ಮಾತು. ಆದರೆ ಗೋಡೆಯ ಮೇಲೆ ಬೋರ್ಡು. ಎಲ್ಲರ ಹೆಸರು, ಎಲ್ಲರ ತೂಕ. ಇಳಿದವರಿಗೆ ಚಪ್ಪಾಳೆ, ಏರಿದವರ ಸರದಿ ಬಂದಾಗ ಎಲ್ಲರೂ ಮೌನ. ಬೆಳಿಗ್ಗೆ ರಾತ್ರಿ ಊಟದ ಬದಲು ಅವರದೇ ಪೌಡರ್ ಕುಡಿಯಬೇಕು, ಡಬ್ಬಕ್ಕೆ ಸಾವಿರಾರು ರೂಪಾಯಿ. ಆಮೇಲೆ ಅದನ್ನು ನೀವೂ ನಾಲ್ಕು ಜನಕ್ಕೆ ಮಾರಿ ಅನ್ನುತ್ತಾರೆ. ಗೆಳತಿ ಅಂತ ಫೋನ್ ಮಾಡುವವರು ಗಿರಾಕಿ ಹುಡುಕಲು ಮಾಡುತ್ತಿದ್ದಾರಾ ಅಂತ ಅನುಮಾನ ಬಂದ ಮೇಲೆ ಆ ಗುಂಪು ಗುಂಪಾಗಿ ಉಳಿಯುವುದಿಲ್ಲ. ಪೌಡರ್ ನಿಲ್ಲಿಸಿದ ಮೇಲೆ ಅವಳ ತೂಕ ವಾಪಸ್ ಬಂತು, ಅಲ್ಲಿಂದ ಒಬ್ಬರೂ ಫೋನ್ ಮಾಡಿ ವಿಚಾರಿಸಲಿಲ್ಲ. ಎಲ್ಲೇ ಸೇರುವುದಿದ್ದರೂ ಎರಡು ಪ್ರಶ್ನೆ ಕೇಳಿ ಸೇರಿ. ನನ್ನ ತೂಕ ಯಾರು ಯಾರಿಗೆ ಕಾಣುತ್ತದೆ? ಇಲ್ಲಿ ಏನಾದರೂ ಮಾರುತ್ತೀರಾ? ಸಿಸ್ಟರ್ ಹತ್ತಿರ ಮಾರಲು ಏನೂ ಇಲ್ಲ. ಕುಡಿಯಲು ಕೊಡುವುದು ಬಿಸಿನೀರು, ಬೇಸಿಗೆಯಲ್ಲಿ ನೀರು ಮಜ್ಜಿಗೆ.

ಕೊರತೆಗಳೂ ಇವೆ. ವಾಟ್ಸಾಪ್ ಗುಂಪು ಗಲೀಜಾಗಿದೆ. ಜೀರಿಗೆ ನೀರು, ನಿಂಬೆ ಜೇನು, ಏಳೇ ದಿನದಲ್ಲಿ ಹೊಟ್ಟೆ ಕರಗಿಸುವ ಕಷಾಯ, ಹೀಗೆ ದಿನವೂ ಫಾರ್ವರ್ಡ್. ಸಿಸ್ಟರ್ ಶನಿವಾರ ಬಂದು ಇದು ಸುಳ್ಳು ಅನ್ನುವ ಹೊತ್ತಿಗೆ ನಾಲ್ಕು ಜನ ಮಾಡಿ ನೋಡಿರುತ್ತಾರೆ. ಅದನ್ನು ಅಲ್ಲಲ್ಲೇ ಅಳಿಸಲು ಒಬ್ಬರನ್ನು ನೇಮಿಸಬೇಕು, ನಾನು ಹೇಳಿದ್ದೇನೆ, ಇನ್ನೂ ಆಗಿಲ್ಲ.

ಸಮಯದ ತೊಂದರೆ ದೊಡ್ಡದು. ರಾಜ್ಯ ಸರ್ಕಾರಿ ಕೆಲಸದವರಿಗೆ, ಬ್ಯಾಂಕಿನವರಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ಮಾತ್ರ ರಜೆ. ಉಳಿದ ಶನಿವಾರ ಅವರಿಗೆ ತಪ್ಪಿಹೋಗುತ್ತದೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿಗಂತೂ ಬರಲು ಸಾಧ್ಯವೇ ಇಲ್ಲ. ಭಾನುವಾರ ಸಂಜೆ ಇನ್ನೊಂದು ಬ್ಯಾಚ್ ಬೇಕೇ ಬೇಕು.

ವ್ಯಾಯಾಮವೂ ಕಡಿಮೆ. ನಡಿಗೆಯೊಂದೇ ಸಾಲದು. ವಾರಕ್ಕೆ ಎರಡು ದಿನವಾದರೂ ಸ್ನಾಯು ಗಟ್ಟಿಯಾಗುವ ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ವಯಸ್ಸಾಗುತ್ತಾ ಸ್ನಾಯು ಕರಗುತ್ತದೆ, ಊಟ ಕಡಿಮೆ ಮಾಡಿದಾಗ ಕೊಬ್ಬಿನ ಜೊತೆ ಅದೂ ಕರಗುತ್ತದೆ. ಎಲ್ಲರೂ ಕೇಳಿದ ಮೇಲೆ ಈಗ ಕೊನೆಯ ಹದಿನೈದು ನಿಮಿಷ ಕುರ್ಚಿಯಿಂದ ಕೈ ಊರದೆ ಏಳುವುದು ಕೂರುವುದು, ಲೀಟರ್ ನೀರಿನ ಬಾಟಲಿ ಎತ್ತುವುದು ಶುರುವಾಗಿದೆ. ಆದರೂ ಹೇಳಿಕೊಡಲು ಕಲಿತವರೊಬ್ಬರು ಬೇಕು. ಇದಕ್ಕಾಗಿಯೇ ನಾನು ಈ ಬ್ಯಾಚಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತಿದ್ದೇನೆ.

ಬಸುರಿಯರನ್ನು, ಹಾಲುಣಿಸುವ ತಾಯಂದಿರನ್ನು, ಇನ್ಸುಲಿನ್ ತೆಗೆದುಕೊಳ್ಳುವವರನ್ನು ಡಾಕ್ಟರ್ ಚೀಟಿ ಇಲ್ಲದೆ ಸೇರಿಸಿಕೊಳ್ಳುವುದಿಲ್ಲ. ಅದು ಸರಿಯಾದ್ದೇ. ತೂಕ ಇದ್ದಕ್ಕಿದ್ದ ಹಾಗೆ ಏರಿದ್ದರೆ, ಮುಟ್ಟು ತಪ್ಪುತ್ತಿದ್ದರೆ, ಮೊದಲು ಥೈರಾಯ್ಡ್ ಮತ್ತು ಸಕ್ಕರೆ ಟೆಸ್ಟ್ ಮಾಡಿಸಿಕೊಂಡು ಬನ್ನಿ ಅನ್ನುತ್ತಾರೆ. ರಿಪೋರ್ಟ್ ಇದ್ದರೆ ಜೊತೆಗೆ ತನ್ನಿ. ಮೊದಲ ಶನಿವಾರ ಸುಮ್ಮನೆ ಬಂದು ಕೂತು ನೋಡಬಹುದು, ದುಡ್ಡಿಲ್ಲ, ತೂಕವನ್ನೂ ನೋಡುವುದಿಲ್ಲ. ಮಹಡಿ ಮೆಟ್ಟಿಲು ಸ್ವಲ್ಪ ಕಡಿದು. ಮಂಡಿ ನೋವಿರುವವರು ಮೊದಲೇ ತಿಳಿಸಿದರೆ ತೂಕ, ಬಿ.ಪಿ. ಎರಡನ್ನೂ ಕೆಳಗಿನ ವರಾಂಡದಲ್ಲೇ ನೋಡುತ್ತಾರೆ. ಎರಡೂ ಮುಕ್ಕಾಲಿಗೇ ಬಂದರೆ ಸಾಲು ಇರುವುದಿಲ್ಲ.